ತುಂಗಾಳ ಹಕ್ಕಲು

ಫೆಬ್ರುವರಿಯ ಕೊನೆಯ ವಾರ. ಡಾಲಸ್ ಪಕ್ಕದ ಅರ್ವಿಂಗಿನ ಆ ಅಪಾರ್ಟ್‌ಮೆಂಟುಗಳ ಹಿಂದೆ ಸಾಲಾಗಿ ನೆಟ್ಟ ಮರಗಳು ಎಲೆ ಬಿಡುವ ಮೊದಲೇ ಬೆಳ್ಳಗೆ ಹೂಬಿಟ್ಟು ನಿಂತಿದ್ದವು. ಹಿಂದಿನ ವಾರ ರಸ್ತೆಯ ಮೇಲೆ ಮಂಜು ಗಟ್ಟಿಯಾಗಿ ಶಾಲೆಗೆ ರಜೆ ಸಿಕ್ಕಿತ್ತು. ಈ ವಾರ ಮಧ್ಯಾಹ್ನಕ್ಕೆ ಕಿಟಕಿ ತೆರೆಯಬೇಕು ಅನ್ನಿಸುವಷ್ಟು ಬಿಸಿಲು. ಟೆಕ್ಸಸ್ಸಿನ ಚಳಿ ಹೀಗೆಯೇ, ಹೇಳದೆ ಬಂದು ಹೇಳದೆ ಹೋಗುತ್ತದೆ.

ಭಾಸ್ಕರ ಕಾರು ತೆಗೆದುಕೊಂಡು ಲಾಸ್ ಕೊಲಿನಾಸಿನ ಆಫೀಸಿಗೆ ಹೋಗಿದ್ದ. ಮಗಳು ಸಿಯಾ ಶಾಲೆಯ ಹಳದಿ ಬಸ್ಸು ಹತ್ತಿಯಾಗಿತ್ತು. ತುಂಗಾ ಊಟದ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಿ, ಎಲ್ಲಿಯೂ ಪಸೆ ಉಳಿದಿಲ್ಲ ಎಂದು ಅಂಗೈಯಿಂದ ಸವರಿ ನೋಡಿ ಕೂತಳು. ಎಡಗಡೆ ಬಿಳಿ ಕಾರ್ಡುಗಳ ಕಟ್ಟು, ಬಲಗಡೆ ಲಕೋಟೆಗಳು, ಎದುರಿಗೆ ಲ್ಯಾಪ್‌ಟಾಪು, ಕೈಯಲ್ಲಿ ಕಪ್ಪು ಶಾಯಿಯ ಪೆನ್ನು. ದಿನದ ಕೆಲಸ ಶುರುವಾಯಿತು.

ಕೆಲಸ ಇಷ್ಟೇ. ಇಂಟರ್‌ನೆಟ್ಟಿನಲ್ಲಿ ಗೋಲ್ಡನ್ ಪೆಲಿಕನ್ ಎಂಬ ಕ್ಯಾಸಿನೋ ಇತ್ತು. ದುಡ್ಡು ಕೊಟ್ಟು ನಾಣ್ಯ ಕೊಳ್ಳುವವರು ಕೊಳ್ಳುತ್ತಿದ್ದರು, ಚಕ್ರ ತಿರುಗಿಸುತ್ತಿದ್ದರು, ಬಹಳ ಮಟ್ಟಿಗೆ ಸೋಲುತ್ತಿದ್ದರು. ಆದರೆ ಇದು ಜೂಜಲ್ಲ, ಬಹುಮಾನದ ಸ್ಪರ್ಧೆ ಎಂದು ಹೇಳಿಕೊಂಡು ನಡೆಯುವ ಕಂಪನಿ ಅದು. ಹಾಗೆ ಹೇಳಿಕೊಳ್ಳಬೇಕಾದರೆ ದುಡ್ಡು ಕೊಡದವರಿಗೂ ಒಳಗೆ ಬರಲು ಒಂದು ದಾರಿ ಬಿಡಬೇಕು. ಆ ದಾರಿ ಅವರ ನಿಯಮಗಳ ತೀರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಬಿಳಿ ಕಾರ್ಡಿನ ಮೇಲೆ ಸ್ವಂತ ಕೈಯಿಂದ ಅವರು ಹೇಳಿದ ನಾಲ್ಕು ಸಾಲು ಬರೆದು, ಹೆಸರು, ವಿಳಾಸ, ಪ್ರತಿ ಸಲ ವೆಬ್‌ಸೈಟು ಕೊಡುವ ಹೊಸ ಸಂಖ್ಯೆ ಹಾಕಿ, ಒಂದೊಂದನ್ನೂ ಬೇರೆ ಬೇರೆ ಲಕೋಟೆಯಲ್ಲಿ ಅಂಚೆಗೆ ಹಾಕಿದರೆ, ಕಾರ್ಡಿಗೆ ಐದು ನಾಣ್ಯ ಪುಕ್ಕಟೆ. ಆ ನಾಣ್ಯಗಳನ್ನು ಒಂದು ಸಲ ಆಟದಲ್ಲಿ ಹೂಡಿ, ಉಳಿದದ್ದನ್ನು ಡಾಲರಾಗಿ ಬ್ಯಾಂಕಿಗೆ ಇಳಿಸಿಕೊಳ್ಳಬಹುದು. ಅಂಚೆಚೀಟಿಯ ಖರ್ಚು ಕಳೆದರೂ ಕೈಗೆ ಹತ್ತುವಷ್ಟು ಉಳಿಯುತ್ತಿತ್ತು.

ಇದನ್ನು ಕಲಿಸಿದವಳು ಸಂಹಿತಾ. ಮೈಸೂರಿನ ಹುಡುಗಿ, ಹೋದ ವರ್ಷದವರೆಗೆ ಮೇಲಿನ ಮನೆಯಲ್ಲೇ ಇದ್ದಳು. ತುಂಗಾಳ ಹಾಗೆ ಅವಳೂ ಗಂಡನ ವೀಸಾದ ಮೇಲೆ ಬಂದವಳು. ಕೆಲಸ ಮಾಡಲು ಪರವಾನಗಿ ಇಲ್ಲ. ಗಂಡನಿಗೆ ಆಸ್ಟಿನ್ನಿನಲ್ಲಿ ಕೆಲಸ ಸಿಕ್ಕಿ ಸಾಮಾನು ಕಟ್ಟಿಕೊಂಡು ಹೊರಡುವ ಹೊತ್ತಿಗೆ ತುಂಗಾಳ ಅಡುಗೆಮನೆಯಲ್ಲಿ ಒಂದು ಪೆಟ್ಟಿಗೆ ಇಟ್ಟಳು. ಅದರಲ್ಲಿ ಕಾರ್ಡು, ಲಕೋಟೆ, ಅಂಚೆಚೀಟಿಯ ಸುರುಳಿಗಳು.

"ಜೂಜು ನಮ್ಮ ಮನಿತನದಾಗ ಇಲ್ಲ ತಂಗಿ," ಎಂದಿದ್ದಳು ತುಂಗಾ.

"ಆಡೋದಲ್ಲ ತುಂಗಕ್ಕ, ಬರೆಯೋದು. ಸ್ಕೂಲಲ್ಲಿ ಕಾಪಿ ಬರೆಸ್ತಿದ್ರಲ್ಲ, ಹಾಗೆ. ಆಡೋರು ಬೇರೆ ಇದಾರೆ. ನಾವು ಅವರು ಚೆಲ್ಲಿದ್ದನ್ನ ಆರಿಸ್ಕೊಳೋರು."

"ಹಕ್ಕಲಾ ಅನ್ನು ಹಂಗಾರ."

"ಹಾಗಂದ್ರೆ?"

ತುಂಗಾ ನವಲಗುಂದದ ಕಡೆಯ ಎರೆಭೂಮಿಯವಳು. ಬಿಳಿಜೋಳದ ಸುಗ್ಗಿ ಮುಗಿಸಿ ಹೊಲದ ಒಡೆಯ ಗಾಡಿ ಹೊಡೆದುಕೊಂಡು ಹೋದ ಮೇಲೆ, ನೆಲದಲ್ಲಿ ಬಿದ್ದು ಉಳಿದ ತೆನೆಗಳನ್ನು ಆಯಲು ಹೆಂಗಸರು, ಹುಡುಗಿಯರು ಹೊಲಕ್ಕೆ ಇಳಿಯುತ್ತಿದ್ದರು. ಅದೇ ಹಕ್ಕಲು. ಅದನ್ನು ಯಾರೂ ಕಳವು ಅನ್ನುತ್ತಿರಲಿಲ್ಲ, ಭಿಕ್ಷೆ ಅಂತಲೂ ಅನ್ನುತ್ತಿರಲಿಲ್ಲ. ಬಗ್ಗಿದವಳ ಉಡಿಗೆ ಬಿದ್ದದ್ದು ಅವಳದು. ಹಬ್ಬಕ್ಕೆ ರಿಬ್ಬನ್ನು, ಬಳೆ ಎಲ್ಲ ಅದರಲ್ಲೇ ಆಗುತ್ತಿತ್ತು. ಇಷ್ಟನ್ನು ಹೇಳಿದಾಗ ಸಂಹಿತಾ ನಕ್ಕು, "ಸರಿ, ಅದೇ ಅನ್ಕೊಳಿ," ಎಂದಳು.

"ಈ ಪೆಟ್ಟಿಗಿ ಪುಕ್ಕಟೆ ತಗೊಳ್ಳಂಗಿಲ್ಲ ನಾ. ಬೀಜಾ ಕಡಾ ಕೊಟ್ಟಿ ಅಂತ ತಿಳಕೋತೀನಿ. ಸುಗ್ಗಿ ಆದ ಮ್ಯಾಲೆ ಸವಾಯಿ ಹಾಕಿ ಕೊಡ್ತೀನಿ. ಒಂದಕ್ಕ ಒಂದೂಕಾಲು."

"ಸ್ಟಾಂಪಿಗೆ ಬಡ್ಡೀನಾ? ಒಳ್ಳೇವರು ಕಣ್ರೀ ನೀವು."

ತುಂಗಾಳಿಗೆ ಬೇಕಾಗಿದ್ದದ್ದು ಒಂದು ಕಾರು. ಅರ್ವಿಂಗಿನಲ್ಲಿ ಕಾರಿಲ್ಲದವಳಿಗೆ ಕಾಲಿಲ್ಲ. ಅಂಗಡಿ ಕಣ್ಣಿಗೆ ಕಾಣುತ್ತದೆ, ನಡುವೆ ಆರು ಸಾಲು ವಾಹನ ಓಡುವ ರಸ್ತೆ, ದಾಟಲು ಹಾದಿಯಿಲ್ಲ. ಸಿಯಾಳಿಗೆ ಶಾಲೆಯಲ್ಲಿ ಜ್ವರ ಬಂದು ಫೋನು ಬಂದ ದಿನ ಭಾಸ್ಕರ ಮೀಟಿಂಗಿನಲ್ಲಿದ್ದ. ಬಾಡಿಗೆ ಕಾರು ಬರುವ ತನಕ ತುಂಗಾ ಗೇಟಿನಲ್ಲಿ ನಿಂತು ಅತ್ತಿದ್ದಳು. ಭಾಸ್ಕರ ಕೆಟ್ಟವನಲ್ಲ. ರವಿವಾರಗಳಲ್ಲಿ ಖಾಲಿ ಚರ್ಚಿನ ಪಾರ್ಕಿಂಗಿಗೆ ಕರೆದೊಯ್ದು ಅವಳಿಗೆ ಡ್ರೈವ್ ಮಾಡಲು ಕಲಿಸಿದ್ದ, ಲೈಸೆನ್ಸೂ ಆಗಿತ್ತು. ಆದರೆ ಒಂದು ಸಂಬಳ, ಹುಬ್ಬಳ್ಳಿಯ ಮನೆಯ ಕಂತು, ಇಲ್ಲಿಯ ಬಾಡಿಗೆ. "ಇನ್ಶೂರೆನ್ಸು ನಾ ನೋಡಕೋತೀನಿ. ಗಾಡಿ ರೊಕ್ಕ ಈಗ ಆಗೂದಿಲ್ಲ," ಎಂದು ಅವನು ಮುಖ ತಗ್ಗಿಸಿ ಹೇಳಿದ್ದ. ಕಾರ್ಡಿನ ವಿಚಾರ ಕೇಳಿದಾಗ ಮೊದಲು ಹೆದರಿದ. ಟ್ಯಾಕ್ಸ್ ಫೈಲ್ ಮಾಡಿಕೊಡುವವರನ್ನು ಕೇಳಿಬಂದು, ಬಹುಮಾನದ ದುಡ್ಡು, ಲೆಕ್ಕಕ್ಕೆ ತೋರಿಸಿದರೆ ಆಯಿತಂತೆ ಎಂದ ಮೇಲೆ ಸುಮ್ಮನಾದ.

ಕಾರು ಯಾವುದು ಎಂಬುದೂ ಗೊತ್ತಿತ್ತು. ಹ್ಯೂಸ್ಟನ್ನಿನ ಶುಗರ್ ಲ್ಯಾಂಡಿನಲ್ಲಿ ಇಂದುಮತಿ ಆಂಟಿ ಇದ್ದರು. ಧಾರವಾಡದವರು, ಭಾಸ್ಕರನ ದೊಡ್ಡಮ್ಮನ ಗೆಳತಿ. ಡಾಕ್ಟರಾಗಿ ದುಡಿದು ನಿವೃತ್ತರಾದವರು, ಗಂಡ ತೀರಿಹೋಗಿ ಕೆಲವು ವರ್ಷ ಆಗಿತ್ತು. ದೀಪಾವಳಿಗೆ ಅವರ ಮನೆಗೆ ಹೋದಾಗ ಗ್ಯಾರೇಜಿನಲ್ಲಿ ಬೆಳ್ಳಿ ಬಣ್ಣದ ಕೊರೊಲಾ ನಿಂತಿತ್ತು. ಆಂಟಿಯ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದು, ಇನ್ನು ಓಡಿಸಕೂಡದು ಎಂದು ಕಣ್ಣಿನ ಡಾಕ್ಟರು ಹೇಳಿದ್ದರಂತೆ.

"ಓಡಸೋವ್ರಿಗೆ ಕೊಡ್ತೀನಿ, ತಿರಗಿ ಮಾರೋವ್ರಿಗಲ್ಲ," ಎಂದು ಆಂಟಿ ಕಡಿಮೆ ಬೆಲೆ ಹೇಳಿದರು. "ಏಪ್ರಿಲ್ ತನಕಾ ಇಟ್ಟಿರ್ತೀನಿ. ಆಮ್ಯಾಲೆ ಅದರ ಕಾಗದಪತ್ರದ ಮುದತು ತೀರತದ. ಬ್ಯಾಡಾದ್ರ ಮದಲ ಹೇಳು."

ಹಾಗಾಗಿ ಜನವರಿಯಿಂದ ತುಂಗಾ ಬರೆಯುತ್ತಿದ್ದಳು. ಬೆರಳಿನ ಪಕ್ಕದಲ್ಲಿ ಪೆನ್ನು ಒತ್ತಿ ಒಂದು ಗಂಟು ಬಂದಿತ್ತು. ಅವಸರ ಮಾಡಿದರೆ ಅಕ್ಷರ ಕೆಡುತ್ತದೆ, ಅಕ್ಷರ ಕೆಟ್ಟರೆ ಕಾರ್ಡು ಹೋಗುತ್ತದೆ. ಆದ್ದರಿಂದ ಕಳೆ ತೆಗೆಯುವವಳಂತೆ ಒಂದೊಂದು ಸಾಲನ್ನೂ ನೋಡಿ ನೋಡಿ ಮುಂದಕ್ಕೆ ಹೋಗುತ್ತಿದ್ದಳು. ಕಳಿಸಿದ ಕಾರ್ಡು ಅಲ್ಲಿ ತಲುಪಿ, ಯಾರೋ ತೆರೆದು ಓದಿ, ನಾಣ್ಯ ಖಾತೆಗೆ ಬೀಳಲು ಎರಡು ತಿಂಗಳು ಹಿಡಿಯುತ್ತದೆ ಎಂದು ಸಂಹಿತಾ ಹೇಳಿದ್ದಳು. ಬಿತ್ತಿದವಳಿಗೆ ಕಾಯುವುದು ಹೊಸದಲ್ಲ.

ಸಿಯಾ ಶಾಲೆಯಿಂದ ಬಂದು ಅಮ್ಮನ ಎದುರು ಕೂತು ನೋಡುತ್ತಿದ್ದಳು. "ಅಮ್ಮಾ, ಈಸ್ ದಿಸ್ ಯುವರ್ ಪನಿಶ್‌ಮೆಂಟ್?"

"ಯಾಕವಾ?"

"ಸೇಮ್ ಥಿಂಗ್ ಎವೆರಿ ಡೇ. ಮಿಸ್ ಕಾರ್ಟರ್ ಆಲ್ಸೋ ಡಸ್ ದಟ್, ಇಫ್ ಯೂ ಟಾಕ್ ಇನ್ ಕ್ಲಾಸ್."

"ಹೌದು, ನಾನೂ ಭಾಳ ಮಾತಾಡ್ತಿದ್ದೆ ಸಣ್ಣಾಕಿ ಇದ್ದಾಗ," ಎಂದು ತುಂಗಾ ಮುಂದಿನ ಕಾರ್ಡು ತೆಗೆದುಕೊಂಡಳು.

ಮಾರ್ಚ್ ನಡುವಿಗೆ ಓಕ್ ಮರಗಳ ಪರಾಗ ಉದುರಿ ಕಾರುಗಳೆಲ್ಲ ಅರಿಸಿನ ಬಳಿದಂತೆ ಆಗಿದ್ದವು. ಆ ವಾರದಲ್ಲೇ ಉತ್ತರ ಬಂತು. ಬೆಳಿಗ್ಗೆ ಮೇಲ್ ತೆರೆದರೆ ಗೋಲ್ಡನ್ ಪೆಲಿಕನ್ನಿನಿಂದ ಒಂದರ ಕೆಳಗೊಂದು ಸಾಲು. ಕಾರ್ಡಿಗೊಂದರಂತೆ, ಎಲ್ಲದರಲ್ಲೂ ಒಂದೇ ಮಾತು. ನಿಮ್ಮ ಮನವಿ ನಿಯಮಕ್ಕೆ ಹೊಂದುವುದಿಲ್ಲ, ಆದ್ದರಿಂದ ತಿರಸ್ಕರಿಸಲಾಗಿದೆ. ಮರುದಿನ ಇನ್ನಷ್ಟು ಬಂದವು. ಅದರ ಮರುದಿನವೂ ಬಂದವು. ಒಂದು ಕಾರ್ಡಿಗೂ ನಾಣ್ಯ ಬೀಳಲಿಲ್ಲ.

ತುಂಗಾ ಆ ದಿನ ಅಡುಗೆ ಮಾಡಿದಳು, ಬಟ್ಟೆ ಮಡಿಸಿದಳು, ಸಂಜೆ ಭಾಸ್ಕರನಿಗೆ ಹೇಳಲಿಲ್ಲ. ಮರುದಿನ ಸಂಹಿತಾಳಿಗೆ ವಿಡಿಯೋ ಕಾಲ್ ಮಾಡಿದಳು. ಸಂಹಿತಾ ಅಷ್ಟರಲ್ಲಿ ಕೆಲಸದ ಪರವಾನಗಿ ಪಡೆದು ಒಂದು ಆಫೀಸು ಸೇರಿದ್ದಳು. ಊಟದ ಬಿಡುವಿನಲ್ಲಿ ಕಾರಿನಲ್ಲಿ ಕೂತು ಮಾತಾಡಿದಳು.

"ಶಾಯಿ ಕಪ್ಪು ತಾನೆ?"

"ಕಪ್ಪ."

"ಲಕೋಟೆ ಮೇಲಿನ ವಿಳಾಸಾನೂ ಕೈಯಲ್ಲೇ ಬರೆದ್ರಾ?"

"ಎಲ್ಲಾ ಕೈಲೇನ. ಅವ್ರು ಹೇಳಿದ್ದು ಬಿಟ್ಟು ಒಂದ್ ಅಕ್ಷರಾ ಹೆಚ್ಚಿಗಿ ಬರದಿಲ್ಲ ನಾ, ದೇವರಾಣಿ."

"ಎಲ್ಲಿ, ಒಂದು ಕಾರ್ಡ್ ತೋರ್ಸಿ. ಇನ್ನೂ ಹತ್ರ. ಇನ್ನೂ." ಸಂಹಿತಾ ಕಣ್ಣು ಕಿರಿದು ಮಾಡಿದಳು. "ತುಂಗಕ್ಕ, ಮೇಲ್ಗಡೆ ನಡುವೆ ಅದೇನು, ಇರುವೆ ಥರ?"

"ಎಲ್ಲಿ?"

"ಮೊದಲ್ನೇ ಸಾಲಿನ ಮೇಲೆ."

ತುಂಗಾ ಕಾರ್ಡನ್ನು ತಿರುಗಿಸಿ ನೋಡಿದಳು. "ಅದು ಶ್ರೀ."

ಸಂಹಿತಾ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಎಲ್ಲಾ ಕಾರ್ಡಲ್ಲೂ ಬರೆದಿದೀರಾ?"

"ಬರದಿರಬೇಕು. ನನಗ ಗೊತ್ತಽ ಇಲ್ಲ."

ನಿಜವಾಗಿಯೂ ಗೊತ್ತಿರಲಿಲ್ಲ. ಅವಳ ತವರುಮನೆಯಲ್ಲಿ ಹಾಲಿನ ಲೆಕ್ಕಕ್ಕೂ ಕಿರಾಣಿ ಚೀಟಿಗೂ ಮೇಲೆ ಶ್ರೀ ಇಲ್ಲದೆ ಬರಹ ಶುರುವಾಗುತ್ತಿರಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಯ ಮೇಲೂ ಬರೆದು ಪಾಸಾದವಳು ಅವಳು. ಹಾಳೆಯ ನೆತ್ತಿಯ ಮೇಲೆ ಸಾಸಿವೆಯಷ್ಟು ಶ್ರೀ ಇಟ್ಟ ಮೇಲೆಯೇ ಕೈ ಕೆಳಗಿಳಿಯುವುದು. ಅದು ಬರೆಯುವುದಲ್ಲ, ಬರೆಯುವುದಕ್ಕೆ ಮೊದಲಿನ ಉಸಿರು. ಕಾರ್ಡು ತೆರೆದು ನೋಡುವವರಿಗೆ ಮಾತ್ರ ಅದು ನಿಯಮದಲ್ಲಿಲ್ಲದ ಒಂದು ಗುರುತು.

"ದೇವರ ಹೆಸರು ಬರದ್ರೂ ನಡಿಯಂಗಿಲ್ಲೇನು ಅವ್ರಿಗೆ?" ಎಂದಳು ತುಂಗಾ. ಅವಳಿಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. "ಏಪ್ರಿಲ್ ಮುಗಿಯೂದ್ರಾಗ ಗಾಡಿ ತಗೋಬೇಕಾಗಿತ್ತು, ಸಂಹಿತಾ. ನೀ ಕೊಟ್ಟ ಬೀಜ ಎಲ್ಲಾ ಹೋತು. ನಾ ತಂದಿದ್ದೂ ಹೋತು."

"ಅಳ್ಬೇಡಿ. ನಾನು ನೋಡಬೇಕಿತ್ತು, ಒಂದು ಕಾರ್ಡಾದ್ರೂ ತೋರ್ಸಿ ಅಂತ ಕೇಳ್ಲಿಲ್ಲ. ಮತ್ತೆ ಶುರು ಮಾಡಿ."

ಆ ವಾರದ ಕೊನೆಗೆ ಆಸ್ಟಿನ್ನಿನಿಂದ ಇನ್ನೊಂದು ಪೆಟ್ಟಿಗೆ ಬಂತು. ಅಂಚೆಚೀಟಿ, ಕಾರ್ಡು, ಎರಡು ಹೊಸ ಪೆನ್ನು. ಅದನ್ನು ತೆರೆದು ತುಂಗಾ ಬಹಳ ಹೊತ್ತು ಮುಂದೆ ಇಟ್ಟುಕೊಂಡು ಕೂತಿದ್ದಳು. ಊರಲ್ಲಿ ಒಂದು ಸಲ ಬೀಜ ಹಾಳು ಮಾಡಿದವರಿಗೆ ಎರಡನೆಯ ಸಲ ಕಡ ಹುಟ್ಟುವುದು ಸುಲಭವಲ್ಲ. ತನ್ನ ಅಪ್ಪ ಕಡ ಕೊಡುವವರ ಮನೆಯ ಕಟ್ಟೆಯ ಮೇಲೆ ಟೋಪಿ ಕೈಯಲ್ಲಿ ಹಿಡಿದು ಕೂತದ್ದನ್ನು ಅವಳು ಕಂಡಿದ್ದಳು. ಇಲ್ಲಿ ಕೇಳುವ ಮೊದಲೇ ಬಾಗಿಲಿಗೆ ಬಂದಿತ್ತು.

ಆದರೆ ಕೈ ಕೇಳಲಿಲ್ಲ. ಬೋಳು ಕಾರ್ಡಿನ ಮೇಲೆ ನೇರ ಮೊದಲ ಸಾಲು ಬರೆಯಹೋದರೆ ಪೆನ್ನು ತಾನಾಗಿ ಮೇಲೆ ಹೋಗುತ್ತಿತ್ತು. ಎರಡು ಕಾರ್ಡು ಹಾಳಾದವು. ಕೊನೆಗೆ ತುಂಗಾ ಬಟ್ಟಲಿನಲ್ಲಿ ನೀರು ತಂದು, ಪ್ರತಿ ಕಾರ್ಡಿಗೆ ಮೊದಲು ಮೇಜಿನ ಅಂಚಿನ ಮೇಲೆ ಒದ್ದೆ ಬೆರಳಿನಿಂದ ಶ್ರೀ ಬರೆದು, ಬೆರಳು ಸೆರಗಿಗೆ ಒರೆಸಿಕೊಂಡು, ಆಮೇಲೆ ಪೆನ್ನು ಹಿಡಿದಳು. ಒಂದು ಒಣಗುವ ಹೊತ್ತಿಗೆ ಇನ್ನೊಂದು. ಕೆಲಸ ನಿಧಾನವಾಯಿತು, ಆದರೆ ಕಾರ್ಡುಗಳು ಸ್ವಚ್ಛವಾಗಿ ಹೊರಬಿದ್ದವು.

ಇಂದುಮತಿ ಆಂಟಿಗೆ ಹೇಳುವುದು ಉಳಿದಿತ್ತು. ಎರಡು ದಿನ ಮುಂದೂಡಿ ಮೂರನೆಯ ದಿನ ಫೋನು ಮಾಡಿದಳು.

"ಆಂಟಿ, ಗಾಡಿ ಬ್ಯಾರೆದವ್ರಿಗೆ ಕೊಟ್ಟಬಿಡ್ರಿ."

"ಯಾಕ? ನಿನಗ ಬ್ಯಾರೆ ಸಿಕ್ತೇನು?"

"ಇಲ್ರೀ. ರೊಕ್ಕ ಕೂಡಲಿಲ್ಲ."

"ಎಲ್ಲಿಂದ ಕೂಡಬೇಕಾಗಿತ್ತು?"

ತುಂಗಾ ಮುಚ್ಚಿಡಲಿಲ್ಲ. ಕ್ಯಾಸಿನೋ, ಕಾರ್ಡು, ಐದು ನಾಣ್ಯ, ಶ್ರೀ, ಎಲ್ಲವನ್ನೂ ಹೇಳಿದಳು.

"ಕ್ಯಾಸಿನೋ ಅಂದ್ಯಾ?" ಎಂದರು ಆಂಟಿ.

"ಹೂಂ ರೀ."

"ನಮ್ಮ ದವಾಖಾನಿಗೆ ಬರೋವ್ರೊಳಗ ಅದರಿಂದ ಮನಿ ಕಳಕೊಂಡವ್ರು ಇದ್ರು. ನೀ ಆಡ್ತೀ ಏನು?"

"ಬರೀತೀನ್ರೀ. ಬಂದದ್ದನ್ನ ಒಮ್ಮೆ ತಿರುವಿ ಎದ್ದಬಿಡೂದು. ಆಡಾವ್ರು ಬ್ಯಾರೆ. ನಾವು ಹಕ್ಕಲಾ ಆರಿಸಿಧಂಗ."

ಆಂಟಿಯ ದನಿ ಈಗ ಬೇರೆ ಎಲ್ಲಿಂದಲೋ ಬಂದ ಹಾಗಿತ್ತು. "ನಮ್ಮ ಅಪ್ಪಗ ಹಕ್ಕಲಾ ಆರಸ್ಲಿಕ್ಕೆ ಬಂದವ್ರನ್ನ ಕಂಡ್ರ ಆಗ್ತಿದ್ದಿಲ್ಲ. ಬಡಿಗಿ ತಗೊಂಡು ಬೆನ್ನ ಹತ್ತತಿದ್ದ. ನಮ್ಮ ಅವ್ವ ಅದಕ್ಕ ಜಗಳಾ ಮಾಡತಿದ್ಲು. ಅವ್ರ ಪಾಲು ಅವ್ರಿಗೆ ಬಿಡ್ರಿ ಅಂತಿದ್ಲು." ಆಮೇಲೆ ಕೇಳಿದರು, "ಯಾವಾಗ ಕೂಡತದ ನಿನ್ನ ರೊಕ್ಕ?"

"ಜುಲೈ ಆಗ್ತೈತ್ರೀ."

"ನೋಡೋಣು," ಎಂದು ಫೋನು ಇಟ್ಟರು. ಇಡುತ್ತೇನೆ ಎನ್ನಲಿಲ್ಲ, ಕೊಟ್ಟುಬಿಡುತ್ತೇನೆ ಎನ್ನಲಿಲ್ಲ.

ಏಪ್ರಿಲಿನಲ್ಲಿ ಹೈವೇ ಬದಿಯ ಹುಲ್ಲಿನಲ್ಲಿ ನೀಲಿ ಹೂ ಬಂದು ಹೋದವು. ಆ ತಿಂಗಳು ಮುಗಿದ ದಿನ ತುಂಗಾ ಬರೆಯಲು ಕೂತಿದ್ದವಳು ಒಮ್ಮೆ ಪೆನ್ನು ಕೆಳಗಿಟ್ಟಳು. ಕಾರು ಇದೆಯೋ ಹೋಯಿತೋ ಕೇಳಬೇಕೆನ್ನಿಸಿತು. ಹೋಗಿದೆ ಎಂದುಬಿಟ್ಟರೆ ಕೈ ಓಡುವುದಿಲ್ಲ. ಕೇಳದೆ ಮತ್ತೆ ಪೆನ್ನು ಎತ್ತಿಕೊಂಡಳು.

ಮೇ ತಿಂಗಳ ನಡುವಿಗೆ ಮೊದಲ ನಾಣ್ಯಗಳು ಬಿದ್ದವು. ಖಾತೆಯ ಮೂಲೆಯಲ್ಲಿ ಸೊನ್ನೆ ಇದ್ದ ಕಡೆ ಐದು, ಮಧ್ಯಾಹ್ನಕ್ಕೆ ಹದಿನೈದು. ಭಾಸ್ಕರ ಆಫೀಸಿನಿಂದ ಬಂದಾಗ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಅವನು ಬಗ್ಗಿ ನೋಡಿ, "ಖರೇನ ಬಂತು," ಎಂದ. ಆ ಮಾತಿನಲ್ಲಿ ಅವನು ಇಷ್ಟು ದಿನ ನಂಬಿರಲಿಲ್ಲ ಎಂಬುದು ಗೊತ್ತಾಯಿತು. ತುಂಗಾ ಅದನ್ನು ಎತ್ತಿ ಆಡಲಿಲ್ಲ. ನಂಬದೆಯೂ ಪ್ರತಿ ಸಂಜೆ ಅವಳ ಲಕೋಟೆಗಳನ್ನು ಅಂಚೆಡಬ್ಬಿಗೆ ಹಾಕಿ ಬಂದವನು ಅವನೇ.

ನಾಣ್ಯ ತಿರುವುವುದರಲ್ಲಿ ಒಂದು ದಿನ ಮಾತ್ರ ಅವಳು ಜಾರಿದಳು. ಸಂಹಿತಾ ಹೇಳಿದ್ದ ಕ್ರಮ ಸರಳವಾಗಿತ್ತು. ಸಣ್ಣ ಸಣ್ಣ ಪಣ, ಎಲ್ಲ ನಾಣ್ಯ ಒಂದು ಸುತ್ತು, ಅಲ್ಲಿಗೆ ಮುಚ್ಚಿಬಿಡಬೇಕು. ಆ ಮಧ್ಯಾಹ್ನ ಸುತ್ತು ಮುಗಿದಾಗ ಹಾಕಿದ್ದಕ್ಕಿಂತ ಹೆಚ್ಚೇ ಇತ್ತು. ಇನ್ನೊಂದು ಸಲ, ಎಂದುಕೊಂಡಳು. ಚಕ್ರದ ಮೇಲೆ ದಾಳಿಂಬೆ, ಗಂಟೆ, ಬಂಗಾರದ ಹಕ್ಕಿ ತಿರುಗಿ ತಿರುಗಿ ನಿಂತವು. ಮತ್ತೊಂದು ಸಲ. ಕಿಟಕಿಯ ಹೊರಗೆ ಸಿಯಾಳ ಬಸ್ಸಿನ ಸದ್ದು ಕೇಳಿದಾಗ ಆ ವಾರದ ಕಾರ್ಡುಗಳಷ್ಟೂ ಕರಗಿದ್ದವು. ಹಕ್ಕಲು ಆಯಲು ಬಂದವಳು ಹೊಲಕ್ಕೆ ಬೀಜ ಚೆಲ್ಲಿ ಎದ್ದ ಹಾಗಾಗಿತ್ತು. ಅಂದಿನಿಂದ ಒಲೆಯ ಮೇಲೆ ರೊಟ್ಟಿಯ ಹಂಚು ಇಟ್ಟು, ಹಿಟ್ಟು ನಾದಿ ಇಟ್ಟ ಮೇಲೆಯೇ ತಿರುವಲು ಕೂರುತ್ತಿದ್ದಳು. ಹಂಚು ಕಾದು ಹೊಗೆಯಾಡುತ್ತಿದ್ದಂತೆ ಏಳಲೇಬೇಕಾಗುತ್ತಿತ್ತು.

ಜೂನ್ ಕೊನೆಗೆ ಅವಳ ಹೆಸರಿನ ಬ್ಯಾಂಕ್ ಖಾತೆಯಲ್ಲಿ ಕಾರಿನ ಬೆಲೆ ಕೂಡಿತು. ಆ ಖಾತೆಯನ್ನು ತೆರೆದದ್ದೇ ಇದಕ್ಕಾಗಿ. ಅಮೆರಿಕಕ್ಕೆ ಬಂದ ಮೇಲೆ ಅವಳೊಬ್ಬಳ ಹೆಸರಿನಲ್ಲಿ ಇದ್ದದ್ದು ಲೈಸೆನ್ಸು ಬಿಟ್ಟರೆ ಅದೊಂದೇ. ಆಗ ಆಂಟಿಗೆ ಫೋನು ಮಾಡಿದಳು. ಹೇಗಿದ್ದೀರಿ ಎಂದೂ ಕೇಳದೆ, "ಗಾಡಿ ಐತೇನ್ರೀ?" ಎಂದಳು.

"ಎಲ್ಲಿ ಹೋಗತದ? ಕೀಲಿ ನನ್ನ ಕಡೆ ಅದ," ಎಂದರು ಆಂಟಿ.

ಜುಲೈಯ ಮೊದಲ ಶನಿವಾರ ಮೂವರೂ ಭಾಸ್ಕರನ ಕಾರಿನಲ್ಲಿ ಹೊರಟರು. ಹ್ಯೂಸ್ಟನ್ನಿಗೆ ನೇರ ದಾರಿ ಇದ್ದರೂ ಆಸ್ಟಿನ್ನಿನ ಮೇಲೆ ಹೋಗಬೇಕೆಂದು ತುಂಗಾ ಹಟ ಹಿಡಿದಿದ್ದಳು. ಕಾರು ಕೈಗೆ ಬರುವ ಮೊದಲು ಬೀಜದ ಕಡ ಮುಟ್ಟಬೇಕು.

ಸಂಹಿತಾ ಬಿಸಿಬೇಳೆಭಾತ್ ಮಾಡಿ ಕಾಯುತ್ತಿದ್ದಳು. ಊಟಕ್ಕೆ ಕೂರುವ ಮೊದಲೇ ತುಂಗಾ ಪೆಟ್ಟಿಗೆ ಮುಂದಿಟ್ಟಳು. ಎರಡು ಸಲ ಪಡೆದಷ್ಟು ಅಂಚೆಚೀಟಿ, ಕಾರ್ಡು, ಲಕೋಟೆ, ಅದರ ಮೇಲೆ ಕಾಲುಪಾಲು ಹೆಚ್ಚು.

"ತುಂಗಕ್ಕ, ನಾನೇನು ಸಾಹುಕಾರ್ತಿನಾ? ಈಗ ನಾನು ಕಾರ್ಡೇ ಬರೆಯಲ್ಲ. ಇಷ್ಟು ಸ್ಟಾಂಪ್ ಇಟ್ಕೊಂಡು ಗೋಡೆಗೆ ಅಂಟಿಸ್ಲಾ?"

"ಅಂಟಿಸು. ಬೀಜಾ ತಗೊಂಡು ಸವಾಯಿ ಕೊಡದಿದ್ರ ಮುಂದಿನ ವರ್ಷ ಹೊಲ ಮುನಿಸ್ಕೋತೈತಿ."

"ಯಾವ ಹೊಲ? ಪೆಲಿಕನ್ನಾ?"

"ಹಕ್ಕೀನೂ ಮುನಿಸ್ಕೋತೈತಿ," ಎಂದು ಭಾಸ್ಕರ ಸೇರಿಸಿದ. ಸಂಹಿತಾ ನಕ್ಕು ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು. ಕೆಳಗಿನ ಮನೆಗೆ ರಂಜನಿ ಎಂಬ ಹುಡುಗಿ ಹೊಸದಾಗಿ ಬಂದಿದ್ದಾಳೆ, ತುಮಕೂರಿನವಳು, ಇಡೀ ದಿನ ಬಾಲ್ಕನಿಯಲ್ಲಿ ನಿಂತಿರುತ್ತಾಳೆ. ಅವಳಿಗೆ ಕೊಡುತ್ತೇನೆ ಎಂದಳು.

"ಕೊಡು. ಕೊಡೂಮುಂದ ಮದಲ ಒಂದ್ ಕಾರ್ಡ್ ಬರಸಿ ನೋಡು," ಎಂದಳು ತುಂಗಾ. ಹೊರಡುವಾಗ ಬಾಗಿಲಲ್ಲಿ ಸಂಹಿತಾಳ ಎರಡೂ ಕೈ ಹಿಡಿದುಕೊಂಡಳು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬರಲಿಲ್ಲ. "ಭಾತ್‌ಗೆ ಉಪ್ಪು ಸ್ವಲ್ಪ ಮುಂದಾಗಿತ್ತು," ಎಂದಳು. ಸಂಹಿತಾಳಿಗೆ ಅರ್ಥವಾಯಿತು.

ಶುಗರ್ ಲ್ಯಾಂಡ್ ಮುಟ್ಟಿದಾಗ ಸಂಜೆಯ ಹೊತ್ತು, ಗಾಳಿಯಲ್ಲಿ ಸಮುದ್ರದ ಕಡೆಯ ಬೆವರು. ಆಂಟಿ ಗ್ಯಾರೇಜಿನ ಬಾಗಿಲು ತೆರೆದಿಟ್ಟು ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾರು ತೊಳೆಸಿ ನಿಲ್ಲಿಸಿದ್ದರು. ಬ್ಯಾಂಕಿನ ಚೆಕ್ಕನ್ನು ತುಂಗಾ ಎರಡೂ ಕೈಯಿಂದ ಕೊಟ್ಟಳು. ಆಂಟಿ ಅದನ್ನು ಕಣ್ಣಿನ ಪಕ್ಕಕ್ಕೆ ಹಿಡಿದು ಓರೆಯಾಗಿ ನೋಡಿದರು. ನೇರ ನೋಡಿದರೆ ಅವರಿಗೀಗ ಕಾಣುತ್ತಿರಲಿಲ್ಲ.

"ಪೂರ್ತಿ ಅದ," ಎಂದರು. "ಹಕ್ಕಲದಾಗ ಇಷ್ಟು ಕಾಳು ಕೂಡಿಸಿದ್ಯಲ್ಲ. ನಮ್ಮ ಅವ್ವ ಇದ್ದಿದ್ರ ಖುಷಿ ಪಡ್ತಿದ್ಲು."

ಕಾಗದಕ್ಕೆ ರುಜು ಹಾಕುತ್ತ ಆಂಟಿ ತಾವಾಗಿ ಹೇಳಿದರು. ಮೇ ತಿಂಗಳಲ್ಲಿ ಒಬ್ಬ ಹುಡುಗ ಬಂದಿದ್ದನಂತೆ, ಹೆಚ್ಚು ಕೊಡುತ್ತೇನೆ ಎಂದನಂತೆ. ಎರಡನೆಯ ಸಲವೂ ಬಂದ. "ಬ್ರೇಕ್ ಹತ್ತಂಗಿಲ್ಲ, ಜೀವಕ್ಕ ಎರವಾಗತದ ಅಂತ ಸುಳ್ಳ ಹೇಳಿ ಕಳಿಸಿದೆ. ಕಾಗದಪತ್ರಾ ನಾನ ಮತ್ತ ಒಂದು ವರ್ಷಕ್ಕ ಮಾಡಿಸಿಟ್ಟೆ. ಆಗ ನಿನಗ ಹೇಳಿದ್ರ ಗಾಬರಿಯಾಗಿ ಕೈ ಬೀಸಿ ಬರೀತಿದ್ದಿ. ಅಕ್ಷರಾ ಕೆಡತಿದ್ವು."

ತುಂಗಾ ಪರ್ಸು ತೆರೆದಳು. "ಅದರದಷ್ಟರೆ ರೊಕ್ಕ ತಗೋರಿ ಆಂಟಿ."

"ಬ್ಯಾಡ. ಮುಂಜಾನೆ ನನ್ನ ಹಿಲ್‌ಕ್ರಾಫ್ಟಿಗೆ ಕರಕೊಂಡು ಹೋಗು. ಜೋಳದ ಹಿಟ್ಟು ತೀರಿ ಭಾಳ ದಿನಾ ಆತು. ನೀ ಓಡಿಸೂದು ನಾ ನೋಡಬೇಕು."

ಮರುದಿನ ಬೆಳಿಗ್ಗೆ ತುಂಗಾ ಮೊದಲ ಸಲ ಆ ಕಾರಿನಲ್ಲಿ ಕೂತಳು. ಪಕ್ಕದಲ್ಲಿ ಆಂಟಿ, ಹಿಂದೆ ಸಿಯಾ. ಐವತ್ತೊಂಬತ್ತನೆಯ ಹೈವೇ ಮೇಲೆ ಲಾರಿಗಳ ನಡುವೆ ಅವಳ ಅಂಗೈ ಬೆವರಿತು. ಆಂಟಿ ಮುಂದೆ ನೋಡುತ್ತ, ಕಾಣದಿದ್ದರೂ, "ಈಗ ಬಲಗಡೆ ಸಾಲಿಗೆ ಬಾ. ಅವಸರಿಲ್ಲ," ಎಂದು ಹೇಳುತ್ತಿದ್ದರು. ಆ ದಾರಿ ಅವರ ಮೈಗೆ ಗೊತ್ತಿತ್ತು.

ಹಿಲ್‌ಕ್ರಾಫ್ಟಿನಲ್ಲಿ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎನ್ನುವ ಭಾರತೀಯರ ಅಂಗಡಿಗಳ ಸಾಲಿನಲ್ಲಿ ಆಂಟಿ ಆತುರ ಮಾಡಲಿಲ್ಲ. ಜೋಳದ ಹಿಟ್ಟು ಮೂಸಿ ನೋಡಿದರು, ಬೆಂಡೆಕಾಯಿಯ ತುದಿ ಮುರಿದು ನೋಡಿದರು, ಸೀರೆ ಅಂಗಡಿಯೊಳಗೆ ಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿ ಹೊಕ್ಕು, ಹತ್ತಾರು ಸೀರೆಯ ಸೆರಗು ಮುಟ್ಟಿ ಹೊರಬಂದರು. ಸಿಯಾಳಿಗೆ ಜಿಲೇಬಿ ಕೊಡಿಸಿದರು. ಮಾರ್ಚಿನಿಂದ ಇಲ್ಲಿಗೆ ಬಂದಿರಲಿಲ್ಲವಂತೆ. ಕರೆದುಕೊಂಡು ಬರುವವರು ಇದ್ದಾರೆ, ಆದರೆ ಅವರಿಗೆ ಅವಸರ; ಹಿಟ್ಟಿನ ಚೀಲ ಮನೆಗೇ ತಂದುಕೊಡುತ್ತೇವೆ ಅನ್ನುತ್ತಾರೆ. ಆಂಟಿ ಇದನ್ನು ದೂರುವಂತೆ ಹೇಳಲಿಲ್ಲ. ತುಂಗಾ ಅವರ ಕೈಯ ಚೀಲ ತೆಗೆದುಕೊಂಡಳು. ಇಷ್ಟು ದಿನ ತಾನು ಅರ್ವಿಂಗಿನ ಕಿಟಕಿಯಲ್ಲಿ ನಿಂತು ದಾಟಲಾಗದ ರಸ್ತೆಯನ್ನು ನೋಡಿದ ಹಾಗೆ ಇನ್ನು ಮುಂದೆ ಆಂಟಿ ತಮ್ಮ ಕಿಟಕಿಯಲ್ಲಿ ನಿಲ್ಲುತ್ತಾರೆ ಎಂಬುದು ಅವಳಿಗೆ ಆಗ ತಿಳಿಯಿತು.

ಮಧ್ಯಾಹ್ನ ಹೊರಡುವ ಹೊತ್ತು. ಭಾಸ್ಕರ ತನ್ನ ಕಾರನ್ನು ರಸ್ತೆಗೆ ತೆಗೆದು ಕಾಯುತ್ತಿದ್ದ; ಅವನ ಹಿಂದೆ ಹಿಂದೆ ತುಂಗಾ ಡಾಲಸ್ಸಿನ ತನಕ ಓಡಿಸಬೇಕಿತ್ತು. ಆಂಟಿಯ ಕಾಲು ಮುಟ್ಟಿ ಎದ್ದು ಅವಳೆಂದಳು, "ತಿಂಗಳಿಗೊಮ್ಮೆ ಬರ್ತೀನ್ರೀ. ಹಿಲ್‌ಕ್ರಾಫ್ಟಿಗೆ ಹೋಗೂಣು."

"ನಾಕು ತಾಸಿನ ದಾರಿ, ಹುಚ್ಚಿ. ಪೆಟ್ರೋಲಿಗೇ ಮತ್ತ ಕಾರ್ಡ್ ಬರೀಬೇಕು ನೀ."

"ಬರೀತೀನಿ."

"ಬ್ಯಾಡ."

"ಹಂಗಾರ ನೀವು ಕಾದಿದ್ದು ಹೆಂಗ ತೀರಸ್ಲಿ ನಾ?"

"ತೀರಸಬ್ಯಾಡ. ಬಾಕಿ ಇರ್ಲಿ," ಎಂದರು ಇಂದುಮತಿ ಆಂಟಿ. "ಬಾಕಿ ಇದ್ರ ಫೋನರೆ ಮಾಡ್ತೀ."

ತುಂಗಾ ಸಿಯಾಳ ಬೆಲ್ಟು ಬಿಗಿದು, ಕನ್ನಡಿ ಸರಿಮಾಡಿಕೊಂಡು, ಕಾರನ್ನು ಮೆಲ್ಲಗೆ ಹಿಂದಕ್ಕೆ ತೆಗೆದು ರಸ್ತೆಗೆ ತಂದಳು. ಆಂಟಿ ಖಾಲಿ ಗ್ಯಾರೇಜಿನ ಮುಂದೆ ಬಿಸಿಲಲ್ಲೇ ನಿಂತು, ಕಾರು ಹೋದ ದಿಕ್ಕಿಗೆ ಮುಖ ಸ್ವಲ್ಪ ಓರೆ ಮಾಡಿ, ಕೈ ಎತ್ತಿದರು.